ಪಲ್ಲಿ ಕೂಗುತ್ತದಾ?

ಸತ್ವಾ, ದುಬೈ
4 ಮಾರ್ಚ್ 2025

ಪ್ರೀತಿಯ ಅತ್ತೆಯವರಿಗೆ ನಿಮ್ಮ ಸೊಸೆ ನೀಲಾಂಬಿಕಾಳ ನಮಸ್ಕಾರಗಳು.

ಈ ಒಂದು ಸಾಲಿಗೇ ನಾಲ್ಕು ಹಾಳೆ ಹರಿದು ಹಾಕಿದ್ದೇನೆ! ನಾನು ಇಂಗ್ಲಿಷ್ ಮೀಡಿಯಮ್ಮಿನವಳು. ಕನ್ನಡದಲ್ಲಿ ಕೊನೆಯ ಸಲ ಪತ್ರ ಬರೆದದ್ದು ಏಳನೇ ಕ್ಲಾಸಿನಲ್ಲಿ, ಅದೂ ಪರೀಕ್ಷೆಯಲ್ಲಿ, ಜ್ವರ ಬಂದಿದೆ ರಜೆ ಕೊಡಿ ಎಂದು ಹೆಡ್‌ಮಾಸ್ತರರಿಗೆ. ಲ ಎಲ್ಲಿ, ಳ ಎಲ್ಲಿ ಎನ್ನುವುದು ನನಗೆ ಈಗಲೂ ಲಾಟರಿ. ತಪ್ಪಿದ್ದರೆ ಬಯ್ಯಿರಿ. ಬಯ್ದರೂ ಖುಷಿಯೇ, ಆಗಲಾದರೂ ನೀವು ನನ್ನ ಜೊತೆ ಮಾತಾಡಿದ ಹಾಗಾಗುತ್ತದೆ.

ನೋಡಿ, ಹೇಳಬಾರದೆಂದುಕೊಂಡದ್ದು ಮೂರನೇ ಸಾಲಿಗೇ ಬಂದುಬಿಟ್ಟಿತು. ಮದುವೆಯಾಗಿ ಐದು ವಾರ. ಐದು ಭಾನುವಾರ ಫೋನ್ ಮಾಡಿದೆವು. ಐದು ಸಲವೂ ನಾನು ಮಾತು ಶುರು ಮಾಡಿದ ಕೂಡಲೇ ನೀವು "ಹಾಂ, ಹಾಂ, ಚೆನ್ನಾಗಿರಿ" ಎಂದು ನಿಮ್ಮ ತಂಗಿಯ ಕೈಗೆ ಫೋನ್ ಕೊಟ್ಟಿರಿ. ಹುಬ್ಬಳ್ಳಿಯಲ್ಲಿ ಮದುವೆಯ ದಿನವೂ ಹಾಗೆಯೇ. ನಾನು "ಅತ್ತೀ, ಕಾಫಿ ತರ್ಲೇನ್ರಿ?" ಎಂದು ಕೇಳಿದರೆ ನೀವು "ಉಡುಪಿಯಿಂದ ಬೆಳಿಗ್ಗೆ ನಾಲ್ಕಕ್ಕೇ ಹೊರಟದ್ದು" ಎಂದು ಆ ಕಡೆ ತಿರುಗಿಬಿಟ್ಟಿರಿ. ನಮ್ಮ ಚಿಕ್ಕವ್ವ ನನ್ನ ಕಿವಿಯಲ್ಲಿ "ಭಾಳ ಬಿಗಿ ಅದಾರವಾ ನಿಮ್ಮತ್ತಿ" ಎಂದಳು. ನಾವು ಬೇರೆ ಜನ, ನಮ್ಮ ಭಾಷೆ ಬೇರೆ, ನಿಮಗೆ ನಿಮ್ಮ ಕಡೆಯ ಹುಡುಗಿ ಬೇಕಿತ್ತೇನೋ. ಇದನ್ನೆಲ್ಲ ಶ್ರವಣನಿಗೆ ಹೇಳಿದೆ. ಅವನು ನಕ್ಕು, "ಅಮ್ಮ ಫೋನಲ್ಲಿ ಯಾವಾಗಲೂ ಹಾಗೇ ಮಾರಾಯ್ತಿ. ನೀನು ಪತ್ರ ಬರಿ. ಟೀಚರ್ ಅಲ್ವಾ, ಪತ್ರ ಬಂದ್ರೆ ಉತ್ತರ ಬರೀದೆ ಇರ್ಲಿಕ್ಕೆ ಅವಳಿಗೆ ಆಗುದಿಲ್ಲ" ಎಂದ. ಅವನ ಆಫೀಸಿನವರೊಬ್ಬರು ನಾಳೆ ಮಂಗಳೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳುಹಿಸುತ್ತಿದ್ದೇನೆ.

ಉಳಿದಂತೆ ನಾನು ಎಷ್ಟು ಸುಖವಾಗಿದ್ದೇನೆಂದು ಬರೆದರೆ ನಿಮಗೆ ನಗು ಬರುತ್ತದೆ. ಎರಡು ಕೋಣೆಯ ಮನೆ, ಕೆಳಗೆ ಮೆಹರುನ್ನಿಸಕ್ಕನ ಹೊಲಿಗೆ ಅಂಗಡಿ, ಇಡೀ ದಿನ ಮಿಷನ್ನಿನ ಸದ್ದು. ನಿಮ್ಮ ಮಗ ಬೆಳಿಗ್ಗೆ ತಲೆ ಬಾಚಿಕೊಳ್ಳುತ್ತ ಕನ್ನಡಿಯಲ್ಲಿ ನನ್ನನ್ನು ನೋಡಿ ಮೂತಿ ಸೊಟ್ಟ ಮಾಡುತ್ತಾನೆ. ಇದನ್ನು ಅತ್ತೆಗೆ ಬರೆಯಬಾರದಿತ್ತೇನೋ. ಬರೆದಾಯಿತು, ಖಲಾಸ್!

ಒಂದೇ ಒಂದು ಸಾಲಾದರೂ ಉತ್ತರ ಬರೆಯಿರಿ.

ನಿಮ್ಮ
ನೀಲಾ


ಉಡುಪಿ
15 ಮಾರ್ಚ್ 2025

ಚಿ. ಸೌ. ನೀಲಾಂಬಿಕಾಳಿಗೆ ಅಮ್ಮಣ್ಣಿಯ ಆಶೀರ್ವಾದಗಳು.

ಪತ್ರ ತಲುಪಿತು. ಹನ್ನೊಂದು ತಪ್ಪು. ಕೆಂಪು ಶಾಯಿಯಲ್ಲಿ ತಿದ್ದಿ ಇದರೊಂದಿಗೆ ಇಟ್ಟಿದ್ದೇನೆ. ಬೇಸರ ಮಾಡಬೇಡ, ಅಬುಧಾಬಿಯ ಶಾಲೆಯಲ್ಲಿ ಇಪ್ಪತ್ತಾರು ವರ್ಷ ಜೀವಶಾಸ್ತ್ರ ಕಲಿಸಿದ ಕೈ, ಕೆಂಪು ಪೆನ್ನು ಇಲ್ಲದೆ ಓದಲಿಕ್ಕೆ ಬರುವುದಿಲ್ಲ. ಅಕ್ಷರ ದುಂಡಗಿದೆ. ನನಗೆ ದುಂಡಗಿನ ಅಕ್ಷರದವರ ಮೇಲೆ ಯಾವ ಸಿಟ್ಟೂ ಇಲ್ಲ.

ಫೋನಿನ ವಿಷಯ ಬರೆದಿದ್ದೀ. ಈಗಿನ ಫೋನುಗಳು ಮಾತನ್ನು ಅರ್ಧ ನುಂಗುತ್ತವೆ. ಈಗಿನ ಮಕ್ಕಳೂ ಬಾಯಿ ಬಿಟ್ಟು ಮಾತಾಡುವುದಿಲ್ಲ. ಪತ್ರವೇ ಒಳ್ಳೆಯದು.

ನಾನು ಒಂದು ಕೇಳುತ್ತೇನೆ. ನಿಮ್ಮಲ್ಲಿ ಪಲ್ಲಿ ಉಂಟಾ? ಕೂಗುತ್ತದಾ? ದಿನಕ್ಕೆ ಎಷ್ಟು ಸಲ, ಎಷ್ಟು ಹೊತ್ತಿಗೆ, ಒಂದು ಕೂಗಿದರೆ ಇನ್ನೊಂದು ಉತ್ತರ ಕೊಡುತ್ತದಾ? ಶ್ರವಣನನ್ನು ಕೇಳಬೇಡ, ಅವನಿಗೆ ಅದರ ಮೇಲೆ ಮೊದಲಿನಿಂದ ಗಮನ ಇಲ್ಲ. ನೀನೇ ಕೇಳಿ ಬರೆ. ನಿನ್ನ ಮಾವ ಇದ್ದಾಗ ಅಬುಧಾಬಿಯಲ್ಲಿ ನಾವಿಬ್ಬರೂ ಸಂಜೆಯ ಚಾ ಹಿಡಿದು ಅದರ ಕೂಗಿಗೆ ಕಾಯುತ್ತಿದ್ದೆವು. ಕೂಗದೆ ಚಾ ಇಳಿಯುತ್ತಿರಲಿಲ್ಲ.

ಅಮ್ಮಣ್ಣಿ


ಸತ್ವಾ, ದುಬೈ
29 ಮಾರ್ಚ್ 2025

ಅತ್ತೇ! ಉತ್ತರ ಬಂತು! ಹನ್ನೊಂದು ತಪ್ಪಿನ ಹಾಳೆಯನ್ನು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದೇನೆ, ಬಂದವರಿಗೆಲ್ಲ "ನಮ್ಮತ್ತೆ ತಿದ್ದಿದ್ದು" ಎಂದು ತೋರಿಸುತ್ತಿದ್ದೇನೆ.

ಶ್ರವಣನನ್ನು ಕೇಳಲಿಲ್ಲ. ಎಷ್ಟು ವಿಧೇಯ ಸೊಸೆ ನೋಡಿ! ಪಲ್ಲಿ ಎಂದರೇನೆಂದು ಗೊತ್ತಾಗದೆ ಕೆಳಗೆ ಹೋಗಿ ಮೆಹರುನ್ನಿಸಕ್ಕನನ್ನು ಕೇಳಿದೆ. ಅವರು ಕಾಸರಗೋಡಿನವರು, ತುಟಿಯ ನಡುವೆ ಗುಂಡುಸೂಜಿ ಕಚ್ಚಿಕೊಂಡೇ ಮಾತಾಡುತ್ತಾರೆ. "ಪಳ್ಳಿಯಾ? ಇದೇ ಗಲ್ಲಿಯ ತುದಿಯಲ್ಲಿ ಉಂಟಲ್ಲ ಮೋಳೇ! ದಿನಾ ಕೇಳ್ತೀ, ಗೊತ್ತಾಗಲಿಲ್ವಾ ನಿಂಗೆ?" ಎಂದು ನನಗೇ ಬಯ್ದರು.

ಉಂಟು ಅತ್ತೆ, ಉಂಟು! ದಿನಕ್ಕೆ ಸರಿಯಾಗಿ ಐದು ಸಲ ಕೂಗುತ್ತದೆ. ಬೆಳಗಿನ ಕೂಗಿಗೆ ಮೊದಲೆಲ್ಲ ಬೆಚ್ಚಿ ಏಳುತ್ತಿದ್ದೆ, ಈಗ ಅದಿಲ್ಲದಿದ್ದರೆ ಬೆಳಗಾಯಿತೆಂದೇ ಅನ್ನಿಸುವುದಿಲ್ಲ. ಸಂಜೆಯದು ಎಲ್ಲಕ್ಕಿಂತ ಚೆಂದ. ನಮ್ಮ ಗಲ್ಲಿಯದು ಶುರು ಮಾಡುತ್ತದೆ, ಅರ್ಧ ನಿಮಿಷಕ್ಕೆ ಆಚೆಯ ರಸ್ತೆಯದು, ಅದರಾಚೆ ಇನ್ನೊಂದು. ಉತ್ತರ ಕೊಡುತ್ತವಾ ಎಂದು ಕೇಳಿದ್ದಿರಲ್ಲ, ಕೊಟ್ಟ ಹಾಗೆಯೇ ಕೇಳುತ್ತದೆ. ಬಣ್ಣ ಹಾಲಿನಂಥ ಬಿಳಿ. ಈಗ ರಂಜಾನ್, ಒಳಗೆ ಐನೂರು ಜನರಾದರೂ ಹಿಡಿಯುತ್ತಾರಂತೆ. ಜಾಗ ಸಾಲದೆ ಬೀದಿಗೂ ಚಾಪೆ ಹಾಸುತ್ತಾರೆ. ಹೆಂಗಸರಿಗೆ ಬೇರೆ ಬಾಗಿಲು ಇದೆ, ಹಬ್ಬ ಮುಗಿದ ಮೇಲೆ ಕರೆದುಕೊಂಡು ಹೋಗುತ್ತೇನೆಂದು ಮೆಹರುನ್ನಿಸಕ್ಕ ಹೇಳಿದ್ದಾರೆ. ಮಿನಾರಿನ ಫೋಟೊ ತೆಗೆದಿಟ್ಟಿದ್ದೇನೆ.

ನೀವೂ ಮಾವನೂ ಸಂಜೆಯ ಬಾಂಗಿಗೆ ಕಾಯುತ್ತ ಚಾ ಹಿಡಿದು ಕೂತಿರುವುದನ್ನು ನೆನೆದು ನನಗೆ ಕಣ್ಣಲ್ಲಿ ನೀರು ಬಂತು. ಎಷ್ಟು ದೊಡ್ಡ ಮನಸ್ಸು ನಿಮ್ಮದು! ಇಂಥವರು ನನ್ನ ಮೇಲೆ ಹೇಗೆ ಸಿಟ್ಟಾಗಿರಲು ಸಾಧ್ಯ?

ನಿಮ್ಮ
ನೀಲಾ


ಉಡುಪಿ
12 ಏಪ್ರಿಲ್ 2025

ಚಿ. ಸೌ. ನೀಲಾಳಿಗೆ,

"ಒಳಗೆ ಐನೂರು ಜನ" ಎಂಬಲ್ಲಿಗೆ ಬರುವ ತನಕ ನಾನು ನಿನ್ನನ್ನು ಒಳ್ಳೆಯ ವೀಕ್ಷಕಿ ಎಂದುಕೊಂಡಿದ್ದೆ. ಐದು ಸಲ ಎಂದು ಓದಿ ಆಶ್ಚರ್ಯಪಟ್ಟೆ, ಹಾಲಿನಂಥ ಬಿಳಿ ಎಂದು ಓದಿ ಇದು ಹೊಸ ಜಾತಿ ಎಂದು ಎದ್ದು ಕುಳಿತೆ. ಐನೂರು ಜನ ಬಂದ ಮೇಲೆ ನಕ್ಕದ್ದು ಎಷ್ಟೆಂದರೆ ತಂಗಿ ಒಳಗಿನಿಂದ ಓಡಿ ಬಂದಳು.

ಮಸೀದಿಯ ಪಳ್ಳಿ ಅಲ್ಲ ಮಾರಾಯ್ತಿ, ಪಲ್ಲಿ! ಪಲ್ಲಿ ಎಂದರೆ ತುಳುವಿನಲ್ಲಿ ಹಲ್ಲಿ. ಗೋಡೆಯ ಮೇಲೆ ಓಡುವ ಹಲ್ಲಿ. ಲಾಟರಿ ಎಂದು ನೀನೇ ಬರೆದಿದ್ದಿ, ನನಗೆ ಆಗಲೇ ತಿಳಿಯಬೇಕಿತ್ತು. ತಪ್ಪು ನನ್ನದೂ ಉಂಟು, ಕನ್ನಡ ಪತ್ರದಲ್ಲಿ ತುಳು ಶಬ್ದ ಹಾಕಿದೆ. ಮೂವತ್ತು ವರ್ಷ ಮನೆಯಲ್ಲಿ ಅದಕ್ಕೆ ಬೇರೆ ಹೆಸರು ಬಳಸಲಿಲ್ಲ.

ಈಗ ಸರಿಯಾಗಿ ಕೇಳು. ಆ ಊರುಗಳಲ್ಲಿ ಮನೆಯೊಳಗೆ ಸಾಮಾನ್ಯವಾಗಿ ಎರಡು ತರಹದ ಹಲ್ಲಿ ಕಾಣುತ್ತವೆ. ಒಂದು ದೊಡ್ಡದು, ಹೊಟ್ಟೆ ಹಳದಿ, ನಮ್ಮ ದೇಶದ ಕಡೆಯಲ್ಲೂ ಇರುವಂಥದ್ದು. ಇನ್ನೊಂದು ಸಣ್ಣದು. ಕಿರುಬೆರಳಿನಷ್ಟು ಮೈ, ಬೆನ್ನ ಮೇಲೆ ರವೆ ಚೆಲ್ಲಿದ ಹಾಗೆ ಗಂಟುಗಂಟು, ಕಂದು ಚುಕ್ಕೆ. ಅದು ಆಫ್ರಿಕಾದ ಕಡಲದಂಡೆಯಲ್ಲೂ ಅರಬರ ದಂಡೆಯಲ್ಲೂ ವಾಸಿಸುವ ಜಾತಿ. ನಿನ್ನ ಮಾವ ಬಂದರಿನಲ್ಲಿ ಸರಕು ಇಳಿಸುವ ಕಡೆ ಮೇಲ್ವಿಚಾರಕರು. ಆಫ್ರಿಕಾದಿಂದ ಬರುವ ಮರದ ಹಡಗುಗಳಲ್ಲಿ, ಗೋಣಿಚೀಲದ ಮಡಿಕೆಯಲ್ಲಿ ಕೂತು ಟಿಕೆಟ್ ಇಲ್ಲದೆ ಬಂದವು ಇವು ಎಂದು ಅವರ ವಾದ. "ನಮ್ಮ ಹಾಗೆಯೇ ಹೊಟ್ಟೆ ಹೊರೆಯಲಿಕ್ಕೆ ಬಂದದ್ದು, ವೀಸಾ ಮಾತ್ರ ಮಾಫಿ" ಎನ್ನುತ್ತಿದ್ದರು, ಅರಬಿಯಲ್ಲಿ ಇಲ್ಲ ಎಂದು. ಇದಕ್ಕೆ ಆಧಾರ ಇಲ್ಲ. ಅವರು ಹೇಳುವಾಗ ನಾನು ತಿದ್ದುತ್ತಿರಲಿಲ್ಲ.

ಇದಕ್ಕೆ ಕಣ್ಣಿನ ರೆಪ್ಪೆ ಇಲ್ಲ. ಕಣ್ಣಿಗೆ ಧೂಳು ಬಿದ್ದರೆ ನಾಲಿಗೆ ಚಾಚಿ ಒರೆಸಿಕೊಳ್ಳುತ್ತದೆ. ಹಗಲು ಮೀಟರಿನ ಪೆಟ್ಟಿಗೆಯ ಹಿಂದೆ ಕಪ್ಪಾಗಿ ಕೂತದ್ದು ದೀಪ ಹಚ್ಚುವ ಹೊತ್ತಿಗೆ ಮೈಬಣ್ಣ ತಿಳಿಮಾಡಿಕೊಂಡು ಹೊರಡುತ್ತದೆ. ಬಸುರಿ ಹಲ್ಲಿಯ ಹೊಟ್ಟೆಗೆ ಬೆಳಕು ಬಿದ್ದರೆ ಎರಡು ಮೊಟ್ಟೆ ಹೊರಗಿನಿಂದಲೇ ಕಾಣುತ್ತವೆ. ಯಾವಾಗಲೂ ಎರಡೇ. ಗಂಡು ತನ್ನ ಜಾಗದಲ್ಲಿ ನಿಂತು ಕೂಗುತ್ತದೆ, ಸಣ್ಣ ಚೂಪು ಸ್ವರ, ಚಿಕ್ ಚಿಕ್ ಚಿಕ್ ಎಂದು ಒಂದರ ಹಿಂದೆ ಒಂದು.

ಅಬುಧಾಬಿಯ ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆಯ ಮೆಟ್ಟಿಲಲ್ಲಿ ಅವುಗಳ ಸಂಸಾರ. ನಾನು ಹದಿನಾಲ್ಕು ವರ್ಷ ರಿಜಿಸ್ಟರ್ ಇಟ್ಟಿದ್ದೆ: ತಾರೀಕು, ಎಷ್ಟು ಕಂಡವು, ಎಷ್ಟು ಸಲ ಕೂಗಿದವು. ಮಾವ 2018ರ ಸೆಪ್ಟೆಂಬರಿನಲ್ಲಿ ಹೋದರು. ಮರುವರ್ಷ ಫೆಬ್ರವರಿಯಿಂದ ಹಲ್ಲಿಗಳು ಕೂಗುವುದನ್ನು ನಿಲ್ಲಿಸಿದವು. ಕಾಣುತ್ತಿದ್ದವು, ಸ್ವರ ಇಲ್ಲ. ಮೆಟ್ಟಿಲಿನ ದೀಪ ಬದಲಿಸಿದ್ದರು, ಔಷಧಿಯನ್ನೂ ಹೊಡೆಸಿದ್ದರು, ಅದರಿಂದ ಎಂದು ಬರೆದಿಟ್ಟೆ. ಮನಸ್ಸಿನಲ್ಲಿ ಬೇರೆಯೇ ಇತ್ತು, ವಿಜ್ಞಾನದ ಟೀಚರು ಅದನ್ನೆಲ್ಲ ಬರೆಯಬಾರದು. 2020ರಲ್ಲಿ ಊರಿಗೆ ಬಂದೆ. ಇಲ್ಲಿ ಗೋಡೆಯ ಮೇಲೆ ಬೇಕಾದಷ್ಟು ಉಂಟು, ಇವೂ ಮೂಗಿಗಳು.

ಅದಕ್ಕೇ ನಿನ್ನನ್ನು ಕೇಳಿದ್ದು.

ಅಮ್ಮಣ್ಣಿ


ಸತ್ವಾ, ದುಬೈ
22 ಏಪ್ರಿಲ್ 2025

ಅತ್ತೆ,

ಹಲ್ಲಿಯನ್ನು ಮಸೀದಿ ಮಾಡಿದ್ದಕ್ಕೆ ಮೆಹರುನ್ನಿಸಕ್ಕ ನಕ್ಕು ನಕ್ಕು ಸೂಜಿ ನುಂಗುವುದೊಂದು ಬಾಕಿ. ಶ್ರವಣನಂತೂ ಮೂರು ದಿನದಿಂದ ಗಲ್ಲಿಯಲ್ಲಿ ಬಾಂಗ್ ಕೇಳಿದಾಗೆಲ್ಲ ಗೋಡೆ ನೋಡುತ್ತಾನೆ.

ನಿಮ್ಮ ಪತ್ರವನ್ನು ಎಷ್ಟು ಸಲ ಓದಿದೆನೋ. ನಮ್ಮ ಹುಬ್ಬಳ್ಳಿ ಮನೆಯಲ್ಲಿ ಹಲ್ಲಿ ಲೊಚಗುಟ್ಟಿದರೆ ಅವ್ವ ಬೆರಳಿನಿಂದ ನೆಲ ತಟ್ಟಿ "ಖರೆ, ಖರೆ" ಎನ್ನುತ್ತಾಳೆ, ಆಗಷ್ಟೇ ಹೇಳಿದ ಮಾತು ನಿಜವಂತೆ. ಅದಕ್ಕಿಂತ ಹೆಚ್ಚಿಗೆ ನಾನು ಹಲ್ಲಿಯ ಬಗ್ಗೆ ಯೋಚಿಸಿದವಳೇ ಅಲ್ಲ. ಈಗ ಟ್ಯೂಬ್‌ಲೈಟ್ ಕಂಡರೆ ಕತ್ತು ಮೇಲಕ್ಕೇ ಹೋಗುತ್ತದೆ. ಸತ್ವಾದ ನಮ್ಮ ಮನೆಯಲ್ಲಿ ಒಂದೂ ಇಲ್ಲ. ಹಾಗಾಗಿ ನಾವು ಅಬುಧಾಬಿಗೆ ಹೋಗುತ್ತೇವೆ! ನಿಮ್ಮ ಹಳೆಯ ಬಿಲ್ಡಿಂಗಿಗೇ! ಮೇ ಹತ್ತು, ಶನಿವಾರ.

ಆದರೆ ಒಂದು ಪಂದ್ಯ. ಆ ಮೆಟ್ಟಿಲಲ್ಲಿ ಒಂದೇ ಒಂದು ಹಲ್ಲಿ ಕೂಗಿದ್ದು ನನಗೆ ಕೇಳಿಸಿತೋ, ನೀವು ನನ್ನೊಡನೆ ಫೋನಿನಲ್ಲಿ ಐದು ನಿಮಿಷ ಮಾತಾಡಬೇಕು. ಚಿಕ್ಕಮ್ಮನ ಕೈಗೆ ಫೋನ್ ಕೊಡುವ ಹಾಗಿಲ್ಲ. "ಚೆನ್ನಾಗಿರಿ" ಎನ್ನುವ ಹಾಗಿಲ್ಲ. ಕೇಳಿಸದಿದ್ದರೆ ನಾನು ಈ ಮಾತನ್ನೇ ಎತ್ತುವುದಿಲ್ಲ, ಜೀವನಪೂರ್ತಿ ಪತ್ರ ಬರೆಯುತ್ತೇನೆ.

ಒಪ್ಪಿಗೆ ತಾನೇ? ನೀವು ಬೇಡವೆಂದು ಬರೆದರೂ ಪತ್ರ ತಲುಪುವುದರೊಳಗೆ ನಾನು ಹೋಗಿ ಬಂದಿರುತ್ತೇನೆ!

ನೀಲಾ


ಸತ್ವಾ, ದುಬೈ
11 ಮೇ 2025

ಅತ್ತೆ ಅತ್ತೆ ಅತ್ತೆ!

ಗೆದ್ದೆ! ಮೊದಲೇ ಹೇಳಿಬಿಟ್ಟೆ, ನನಗೆ ತಡೆಯಲಿಕ್ಕಾಗುವುದಿಲ್ಲ.

ನಿನ್ನೆ ಬಸ್ಸಿಳಿದು ಟ್ಯಾಕ್ಸಿ ಹತ್ತಿದರೆ ಶ್ರವಣ್ ಕಿಟಕಿಗೆ ಮೂಗು ಒತ್ತಿ ಚಿಕ್ಕ ಹುಡುಗನಾಗಿಬಿಟ್ಟ. "ಇಲ್ಲಿ ಶವರ್ಮಾ ಅಂಗಡಿ ಇತ್ತು. ಇಲ್ಲಿ ನನ್ನ ಸೈಕಲ್ ಕಳೆದದ್ದು. ಇಲ್ಲಿ ಅಪ್ಪ ವಾರಕ್ಕೊಮ್ಮೆ ಮೀನು ತರ್ತಿದ್ದದ್ದು." ಏರಿಯಾಕ್ಕೆ ಈಗ ಬೇರೆ ಹೆಸರು, ಡ್ರೈವರಿಗೆ ಮಾತ್ರ ಹಳೆಯದೇ ಗೊತ್ತು. ನಿಮ್ಮ ಬಿಲ್ಡಿಂಗು ಎರಡು ಎತ್ತರದ ಹೋಟೆಲುಗಳ ನಡುವೆ ಸಣ್ಣದಾಗಿ ನಿಂತಿದೆ. ಬಾಗಿಲಲ್ಲಿ ಕುರ್ಚಿ ಹಾಕಿಕೊಂಡು ನಾತೂರ್, ಬಿಲ್ಡಿಂಗಿನ ಕಾವಲಿನವರು, ಕೂತಿದ್ದರು. ನಮ್ಮ ಮಾತು ಕೇಳಿ, ಯಾರನ್ನು ನೋಡಬೇಕೆಂದು ಕನ್ನಡದಲ್ಲೇ ಕೇಳಿದರು. ನಾನು "ಯಾರನ್ನೂ ಅಲ್ರೀ, ಹಲ್ಲಿ ನೋಡಾಕ ಬಂದೀವಿ" ಎಂದೆ.

ಅವರು ಕನ್ನಡಕ ತೆಗೆದರು. "ಹಲ್ಲಿ ನೋಡ್ಲಿಕ್ಕೆ ಈ ಬಿಲ್ಡಿಂಗಲ್ಲಿ ನಿಲ್ತಾ ಇದ್ದದ್ದು ಒಬ್ಬರೇ. ನೀವು ಅಮ್ಮಣ್ಣಿ ಟೀಚರ್‌ರ ಯಾರು?"

ಸೊಸೆ ಎಂದೆ. ಶ್ರವಣನನ್ನು ನೋಡಿ, "ಓ ದೇವರೇ, ಲಿಫ್ಟಿನ ಗುಂಡಿ ಎಲ್ಲ ಒತ್ತಿ ಓಡಿ ಹೋಗ್ತಿದ್ದ ಪೋಕ್ರಿ ಇವನೇ ಅಲ್ವಾ!" ಎಂದು ಕಿವಿ ಹಿಡಿದರು. ಅದು ಫಿಡೆಲಿಸ್! ನಿಮಗೆ ನೆನಪಿದ್ದಾರಲ್ಲ? ಕುಂದಾಪುರದವರು, ಇಪ್ಪತ್ತೆರಡು ವರ್ಷದಿಂದ ಅದೇ ಕುರ್ಚಿ.

ಮುಸ್ಸಂಜೆ ಮಗ್ರಿಬ್ ಬಾಂಗಿನ ಹೊತ್ತಿಗೆ ಮೂರನೇ ಮಾಳಿಗೆಗೆ ಹತ್ತಿದೆವು. ಶ್ರವಣ್ ಎರಡು ಮೆಟ್ಟಿಲು ಕೆಳಗೇ ನಿಂತ. ನಿಮ್ಮ ಮಗನಿಗೆ ಹಲ್ಲಿಯೆಂದರೆ ಭಯ, ಇದನ್ನು ಮದುವೆಗೆ ಮುಂಚೆ ನನಗೆ ಯಾಕೆ ಯಾರೂ ಹೇಳಲಿಲ್ಲ? ಮೀಟರಿನ ಪೆಟ್ಟಿಗೆಯ ಹಿಂದಿನಿಂದ ಒಂದು ತಲೆ ಹೊರಬಂತು. ನೀವು ಬರೆದ ಹಾಗೆಯೇ, ಬೆನ್ನ ಮೇಲೆ ರವೆ. ನಾಲಿಗೆಯಿಂದ ಕಣ್ಣು ಒರೆಸಿಕೊಂಡಿತು, ನನ್ನ ಕಣ್ಣೆದುರಿಗೇ! ಇನ್ನೊಂದರ ಹೊಟ್ಟೆಯಲ್ಲಿ ಎರಡು ಮೊಟ್ಟೆ, ದೀಪದ ಮುಂದೆ ಹಿಡಿದ ಹಾಗೆ. ಆಮೇಲೆ ಕೂಗಿದವು ಅತ್ತೆ. ಚಿಕ್ ಚಿಕ್ ಚಿಕ್ ಚಿಕ್! ಖಾಲಿ ಮೆಟ್ಟಿಲಿನಲ್ಲಿ ಎಷ್ಟು ದೊಡ್ಡದಾಗಿ ಕೇಳುತ್ತದೆಂದರೆ ಮೇಲಿನ ಮಾಳಿಗೆಯಿಂದ ಇನ್ನೊಂದು ಬಯ್ದ ಹಾಗೆ ಉತ್ತರ ಕೊಟ್ಟಿತು. ಹತ್ತು ನಿಮಿಷದಲ್ಲಿ ಏಳು ಸಲ, ಎಣಿಸಿದ್ದೇನೆ.

ಫಿಡೆಲಿಸ್‌ರನ್ನು, ಮತ್ತೆ ಯಾವಾಗ ಕೂಗಲು ಶುರು ಮಾಡಿದವು ಎಂದು ಕೇಳಿದೆ. "ಶುರು ಮಾಡುದಾ? ನಿಲ್ಲಿಸಿದ್ದು ಯಾವಾಗ? ಇವಕ್ಕೆ ಬಾಯಿ ಮುಚ್ಲಿಕ್ಕೆ ಪುರ್ಸೊತ್ತು ಎಲ್ಲಿ ಉಂಟು!" ಎಂದರು. 2019ರಲ್ಲಿ ಎಂದೆ. "ಎಲ್ಲ ವರ್ಷ ಕೂಗಿದ್ದಾವೆ. ಟೀಚರು ಮೆಟ್ಟಿಲಲ್ಲಿ ನಿಂತಿರುವಾಗಲೇ ಕೂಗ್ತಿದ್ದವು. ನಾನು ಒಮ್ಮೆ ಹೇಳಿದ್ದೆ ಸಹ, ನಿಮ್ಮ ಮಕ್ಕಳು ಇವತ್ತು ಜೋರು ಟೀಚರ್ ಅಂತ. ಅವರು ನಗಾಡಿ ಒಳಗೆ ಹೋದ್ರು."

ಹಾಗಾದರೆ ಟೀಚರರ ರಿಜಿಸ್ಟರಿನಲ್ಲೇ ತಪ್ಪು! ಕೆಂಪು ಪೆನ್ನು ಈ ಸಲ ನನ್ನ ಕೈಯಲ್ಲಿ! ಹನ್ನೊಂದಕ್ಕೆ ಪ್ರತಿಯಾಗಿ ಇದೊಂದೇ ಸಾಕು.

ವಿಡಿಯೊ ಮಾಡಿದ್ದೇನೆ, ಚಿಕ್ಕಮ್ಮನ ವಾಟ್ಸಾಪಿಗೆ ಇವತ್ತೇ ಕಳುಹಿಸುತ್ತೇನೆ. ಧ್ವನಿ ಪೂರ್ತಿ ಜೋರು ಮಾಡಿ ಕೇಳಿ. ಕೇಳಿದ ಮೇಲೆ ಪಂದ್ಯ ನೆನಪಿರಲಿ: ಐದು ನಿಮಿಷ!

ಗೆದ್ದ ಸೊಸೆ
ನೀಲಾ


ಸತ್ವಾ, ದುಬೈ
8 ಜೂನ್ 2025

ಅತ್ತೆಯವರಿಗೆ ನಮಸ್ಕಾರಗಳು.

ಇಂದಿಗೆ ನಾಲ್ಕು ವಾರ. ವಿಡಿಯೊ ನೋಡಿದಿರೆಂದು ಚಿಕ್ಕಮ್ಮ ಹೇಳಿದರು. ಪತ್ರವೂ ತಲುಪಿದೆಯಂತೆ. ಭಾನುವಾರ ಫೋನ್ ಮಾಡಿದರೆ "ಅಕ್ಕ ಮಲಗಿದ್ದಾರೆ" ಎನ್ನುತ್ತಾರೆ. ಮೂರು ಭಾನುವಾರವೂ ಮಲಗಿದ್ದಿರಿ.

ನಾನು ಹಿಂದಿನ ಪತ್ರದ ನಕಲನ್ನು ಫೋನಿನಲ್ಲಿ ಇಟ್ಟುಕೊಂಡಿದ್ದೆ. ತೆಗೆದು ಓದಿದೆ. ಓದಿ ನಾಚಿಕೆಯಾಯಿತು. ಹದಿನಾಲ್ಕು ವರ್ಷ ಬರೆದವರಿಗೆ, ಹತ್ತು ನಿಮಿಷ ನಿಂತು ಬಂದವಳು ತಪ್ಪು ಎಂದೆ. ಮಾವ ತೀರಿಕೊಂಡ ಮರುವರ್ಷದ ಪುಟದ ಮೇಲೆ ತಮಾಷೆ ಮಾಡಿದೆ. ನನ್ನ ಬಾಯಿಗೆ ಬ್ರೇಕ್ ಇಲ್ಲವೆಂದು ಅವ್ವ ಸಣ್ಣಂದಿನಿಂದ ಹೇಳುತ್ತಿದ್ದಳು, ಕೈಗೂ ಇಲ್ಲ.

ಪಂದ್ಯ ಬೇಡ. ಹಲ್ಲಿ ಕೂಗಲಿಲ್ಲವೆಂದೇ ಇಟ್ಟುಕೊಳ್ಳಿ. ಫೋನ್ ಬೇಡ, ಹಳೆಯ ಹಾಗೆ ತಪ್ಪುಗಳನ್ನು ತಿದ್ದಿ ಕಳುಹಿಸಿ, ಅಷ್ಟು ಸಾಕು.

ನೀಲಾಂಬಿಕಾ


ಉಡುಪಿ
30 ಜೂನ್ 2025

ನೀಲಾ,

ನಿನ್ನ ಪತ್ರದಲ್ಲಿ ಈ ಸಲ ಒಂದೂ ತಪ್ಪಿಲ್ಲ. ಹಾಗಾಗಿ ಅದು ನಿನ್ನ ಪತ್ರದ ಹಾಗೆ ಕಾಣಲಿಲ್ಲ. ಮುಂದಿನ ಸಲ ತಪ್ಪು ಮಾಡು.

ನಾನು ಸಿಟ್ಟಾಗಿಲ್ಲ. ಏನಾಯಿತೆಂದು ಬರೆಯುತ್ತೇನೆ, ಬರೆಯಲಿಕ್ಕೆ ಇಷ್ಟು ದಿನ ಬೇಕಾಯಿತು.

ವಿಡಿಯೊ ಬಂದ ದಿನ ತಂಗಿ ಫೋನನ್ನು ನನ್ನ ಕೈಗೆ ಕೊಟ್ಟಳು. ಅದೇ ಮೆಟ್ಟಿಲು. ಅದೇ ಮೀಟರಿನ ಪೆಟ್ಟಿಗೆ. ಹಲ್ಲಿ ಹೊರಬಂದದ್ದು ನೋಡಿದೆ, ಗಂಟಲು ಉಬ್ಬಿದ್ದು ನೋಡಿದೆ, ಬಾಯಿ ಮಿಸುಕಿದ್ದು ನೋಡಿದೆ. ಸ್ವರ ಇಲ್ಲ. "ಇವಳು ಸೌಂಡ್ ಹಾಕದೆ ಕಳಿಸಿದ್ದಾಳೆ" ಎಂದು ತಂಗಿಗೆ ಹೇಳಿದೆ. ಅವಳು ನನ್ನ ಮುಖ ನೋಡಿದಳು. "ಎಂತ ಅಕ್ಕ ಹೇಳುದು ನೀನು? ಕಿವಿ ಒಡೆಯುವ ಹಾಗೆ ಕೂಗ್ತಾ ಉಂಟಲ್ಲ."

ಹತ್ತು ಸಲ ಹಾಕಿಸಿದೆ. ಆಮೇಲೆ ರಿಜಿಸ್ಟರ್ ತೆಗೆದೆ. 2019 ಫೆಬ್ರವರಿಯ ನಂತರದ ಪುಟಗಳಲ್ಲಿ ನನ್ನದೇ ಅಕ್ಷರದಲ್ಲಿ, "ಕೂಗು: ಇಲ್ಲ, ಇಲ್ಲ, ಇಲ್ಲ." ಅವು ಕೂಗುತ್ತಲೇ ಇದ್ದವು ನೀಲಾ. ಆರು ವರ್ಷ ಹಲ್ಲಿಗಳ ಮೇಲೆ, ದೀಪದ ಮೇಲೆ, ಔಷಧಿ ಹೊಡೆದವರ ಮೇಲೆ ಅಪವಾದ ಹೊರಿಸಿದೆ. ನೋಡುವ ವಸ್ತುವಿಗಿಂತ ಮೊದಲು ನೋಡುವ ಸಾಧನವನ್ನು ಪರೀಕ್ಷಿಸಬೇಕು ಎಂದು ಎಂಟನೇ ಕ್ಲಾಸಿನ ಮಕ್ಕಳಿಗೆ ಮೊದಲ ಪಾಠದಲ್ಲೇ ಹೇಳುತ್ತಿದ್ದವಳು ನಾನು.

ಇನ್ನೊಂದು ವಿಷಯ ಅದಕ್ಕಿಂತ ಕಷ್ಟದ್ದು. ಮಾವ ಪ್ರತಿ ಸಂಜೆ ಚಾ ಕುಡಿಯುವಾಗ ಬೆರಳೆತ್ತಿ "ಕೇಂಡಾ?" ಎನ್ನುತ್ತಿದ್ದರು, ಕೇಳಿತಾ ಎಂದು. ನಾನು ಹೌದೆಂದು ಬರೆದುಕೊಳ್ಳುತ್ತಿದ್ದೆ. ಕೊನೆಯ ವರ್ಷಗಳಲ್ಲಿ ನನಗೆ ನಿಜವಾಗಿ ಕೇಳುತ್ತಿತ್ತಾ, ಅವರ ಬೆರಳು ನೋಡಿ ಕೇಳಿತೆಂದುಕೊಂಡೆನಾ, ಈಗ ಹೇಳಲಿಕ್ಕೆ ಬರುವುದಿಲ್ಲ. ಅವರು ಹೋದ ಮೇಲೆ ಹಲ್ಲಿಗಳು ಮೌನವಾದವು ಎಂದು ನಾನು ಯಾರಿಗೂ ಹೇಳದೆ ನಂಬಿಕೊಂಡಿದ್ದೆ. ನೀನು ಅದನ್ನು ಸುಳ್ಳು ಮಾಡಿದಿ. ಒಂದು ವಾರ ಬೇಜಾರಾಯಿತು. ಆಮೇಲೆ ಒಂದು ಸಂಜೆ, ಅವು ಈಗಲೂ ಅಲ್ಲಿ ಕೂಗುತ್ತಿವೆ ಎಂದು ನೆನೆದು ಚಾ ಕುಡಿದೆ. ಇಳಿಯಿತು.

ಕಿವಿಯ ಡಾಕ್ಟರಲ್ಲಿಗೆ ಹೋಗಿದ್ದೆ. ಗಾಜಿನ ಕೋಣೆಯಲ್ಲಿ ಕೂರಿಸಿ, ಸದ್ದು ಕೇಳಿದಾಗ ಗುಂಡಿ ಒತ್ತು ಎಂದರು. ತಗ್ಗಿನ ಸ್ವರಗಳು ಉಂಟು, ಎತ್ತರದವು ಹೋಗಿವೆ. ಮೊದಲು ಹೋಗುವುದು ಹಕ್ಕಿಯ, ಹಲ್ಲಿಯ, ಸಣ್ಣ ಮಕ್ಕಳ, ಹೆಂಗಸರ ಸ್ವರವಂತೆ. ತಂಗಿ ಎದುರಿಗೆ ನಿಂತು ಜೋರಾಗಿ ಹೇಳುತ್ತಾಳೆ, ಅವಳ ತುಟಿ ನೋಡಿ ಅಭ್ಯಾಸ. ಶ್ರವಣನದು ತಗ್ಗಿದ ಸ್ವರ, ಫೋನಿನಲ್ಲಿ ಅರ್ಧ ಕೇಳುತ್ತದೆ, ಉಳಿದದ್ದನ್ನು ಊಹಿಸುತ್ತೇನೆ, ತಾಯಿಗೆ ಅಷ್ಟು ಬರುತ್ತದೆ. ನಿನ್ನ ಸ್ವರದ ಒಂದು ಅಕ್ಷರವೂ ನನಗೆ ಬಂದಿಲ್ಲ. ಮದುವೆಯ ದಿನ ನೀನು ನನ್ನ ಮುಂದೆ ನಿಂತು ತುಟಿ ಆಡಿಸಿದಿ, ದೂರದಿಂದ ಬಂದಿರಾ ಎಂದಿರಬೇಕೆಂದುಕೊಂಡು ಉತ್ತರ ಕೊಟ್ಟೆ. ಅದು ಕಾಫಿ ಎಂದು ನಿನ್ನ ಮೊದಲ ಪತ್ರದಿಂದ ಗೊತ್ತಾಯಿತು. ಆಗಲೇ ಬರೆಯಬಹುದಿತ್ತು. ಫೋನು ಮಾತು ನುಂಗುತ್ತದೆ ಎಂದು ಬರೆದೆ. ಕೇಳುವುದಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ಬಿಗಿ ಹೆಂಗಸು ಎನ್ನಿಸಿಕೊಳ್ಳುವುದು ನನಗೆ ಸುಲಭವಾಗಿ ಕಂಡಿತು.

ಕಿವಿಗೆ ಹಾಕುವ ಮಿಷನ್ ಬರಲಿಕ್ಕೆ ಆಗಸ್ಟ್ ಆಗುತ್ತದೆ. ಎಲ್ಲವೂ ತಿರುಗಿ ಬರುವುದಿಲ್ಲ ಎಂದು ಡಾಕ್ಟರು ಮೊದಲೇ ಹೇಳಿದ್ದಾರೆ.

ಆದರೆ ಪಂದ್ಯ ಪಂದ್ಯವೇ. ಜುಲೈ 13, ಭಾನುವಾರ, ನಿಮ್ಮ ಸಂಜೆ ನಾಲ್ಕು ಗಂಟೆಗೆ ನಾನು ಫೋನ್ ಮಾಡುತ್ತೇನೆ. ನನಗೆ ಏನೂ ಕೇಳುವುದಿಲ್ಲ, ನಿನಗೆ ಕೇಳುತ್ತದಲ್ಲ. ನಾನು ಮಾತಾಡುತ್ತೇನೆ. ಕಿವಿಯ ವಿಷಯ ಶ್ರವಣನಿಗೆ ನೀನು ಹೇಳಬೇಡ, ಹಿಂದಿನ ದಿನ ತಂಗಿಯ ವಾಟ್ಸಾಪಿನಿಂದ ನಾನೇ ಬರೆದು ಕಳಿಸುತ್ತೇನೆ.

ಅತ್ತೆ ಎಂದು ಬರೆಯುವುದನ್ನು ಇನ್ನು ಬಿಡು. ನಮ್ಮಲ್ಲಿ ಸೊಸೆ ಕರೆಯುವುದು ಹಾಗಲ್ಲ.

ನಿನ್ನ ಮಾಮಿ


ಸತ್ವಾ, ದುಬೈ
13 ಜುಲೈ 2025, ಸಂಜೆ

ಮಾಮಿ,

ನೀವು ಫೋನ್ ಇಟ್ಟು ಅರ್ಧ ಗಂಟೆಯಾಯಿತು. ಐದು ನಿಮಿಷದ ಪಂದ್ಯ, ನೀವು ಹದಿನೇಳು ನಿಮಿಷ ಮಾತಾಡಿದಿರಿ. ನೀವು ಎಷ್ಟು ಜೋರಾಗಿ ಮಾತಾಡುತ್ತೀರೆಂದರೆ ಅಡುಗೆಮನೆಯಲ್ಲಿದ್ದ ಶ್ರವಣನಿಗೂ ಪ್ರತಿ ಮಾತು ಕೇಳಿತು. ಅವನು ಪಾತ್ರೆ ತೊಳೆಯುತ್ತಿದ್ದ. ಹದಿನೇಳು ನಿಮಿಷವೂ ಒಂದೇ ಪಾತ್ರೆ.

ನೀವು ಮಾತಾಡುವಾಗ ನಾನು ಸುಮ್ಮನಿರಲಿಲ್ಲ. ನೀವು ಕೇಳಿದ್ದಕ್ಕೆಲ್ಲ ಅಲ್ಲಲ್ಲೇ ಉತ್ತರ ಕೊಟ್ಟೆ. ಅವು ನಿಮಗೆ ತಲುಪಲಿಲ್ಲ, ಹಾಗಾಗಿ ಮರೆಯುವ ಮುಂಚೆ ಬರೆಯುತ್ತಿದ್ದೇನೆ.

ಊಟ ಆಯಿತಾ ಎಂದು ಕೇಳಿದಿರಿ. ಆಯಿತು. ಇಲ್ಲಿಯ ಒಲೆಯಲ್ಲಿ ಜೋಳದ ರೊಟ್ಟಿ ಉಬ್ಬುವುದಿಲ್ಲವೆಂದೂ ಹೇಳಿದೆ, ಅಷ್ಟರಲ್ಲಿ ನೀವು ಮಳೆಯ ವಿಷಯಕ್ಕೆ ಹೋಗಿದ್ದಿರಿ.

ನಿನ್ನ ಸ್ವರ ಹೇಗಿದೆಯೋ ಎಂದಿರಿ. ಸಣ್ಣದು. ಶಾಲೆಯಲ್ಲಿ ಪ್ರಾರ್ಥನೆಗೆ ನನ್ನನ್ನು ಮೈಕಿನಿಂದ ದೂರ ನಿಲ್ಲಿಸುತ್ತಿದ್ದರು. ಶ್ರವಣ್ ಚೆನ್ನಾಗಿದೆ ಎನ್ನುತ್ತಾನೆ, ಅವನ ಮಾತಿಗೆ ಆಧಾರ ಇಲ್ಲ.

ಮಿಷನ್ ಹಾಕಿಕೊಂಡರೆ ಮುದುಕಿಯ ಹಾಗೆ ಕಾಣ್ತೇನಾ ಎಂದು ಕೇಳಿದಿರಿ. ಕಾಣುತ್ತೀರಿ. ಚೆಂದದ ಮುದುಕಿ.

ಮಾವ ಬಂದರಿನಿಂದ ಬಂದು ಕೈಕಾಲು ತೊಳೆಯುವ ಮೊದಲೇ ಮೆಟ್ಟಿಲಿನ ದೀಪದ ಕೆಳಗೆ ನಿಂತು ನಿಮ್ಮನ್ನು ಕರೆಯುತ್ತಿದ್ದರೆಂದು ಹೇಳಿದಿರಿ. ಹೇಳಿ, ಸ್ವಲ್ಪ ಹೊತ್ತು ಏನೂ ಹೇಳಲಿಲ್ಲ. ಆಗ ನಾನೂ ಏನೂ ಹೇಳಲಿಲ್ಲ. ಇದನ್ನೂ ಬರೆಯುತ್ತಿದ್ದೇನೆ, ಅಲ್ಲಿ ನಾನು ಏನೋ ಹೇಳಿದ್ದು ನಿಮಗೆ ತಪ್ಪಿಹೋಯಿತು ಎಂದು ನೀವು ಅಂದುಕೊಳ್ಳಬಾರದು.

ನನ್ನ ಮಗನ ಮೇಲೆ ಬೇಸರ ಬಂದರೆ ಯಾರಿಗೆ ಹೇಳ್ತೀ ಎಂದಿರಿ. ನಿಮಗೇ.

ನಡುನಡುವೆ ನಾಲ್ಕು ಸಲ ನೀವು ಕೂಗಿದಿರಿ, "ಇದ್ದಿಯಾ? ಹೇ ನೀಲಾ, ಲೈನಲ್ಲಿ ಇದ್ದಿಯಾ?" ಎಂದು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದೂ ಪ್ರತಿ ಸಲ ಸ್ವಲ್ಪ ಕಾದಿರಿ. ನಾಲ್ಕು ಸಲವೂ ಹೇಳಿದೆ, ಮಾಮಿ.

ಇದ್ದೇನೆ.

ನೀಲಾ